ರಾಕ್ಷಸರ ದಂಡು ಬಂದರೆ ನೆರೆ ರಾಜ್ಯಗಳು ಹೇಗೆ ತಡೆದುಕೊಳ್ಳಬೇಕು? ಅನುಭವ ಇರುವವರು ಹೇಳಿ

ಕೇಳಿದವರು:

ಗೆಳೆಯರ ಜೊತೆ ಆಡಲು ಒಂದು ರೋಲ್‌ಪ್ಲೇ ಆಟಕ್ಕೆ (ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಬೆಳೆಸುವ ಆಟ) ಲೋಕ ಕಟ್ಟುತ್ತಿದ್ದೇನೆ. ಅದರಲ್ಲಿ ಅಕ್ಕಪಕ್ಕದ ಮೂರು ರಾಜ್ಯಗಳಿವೆ. ಬೆಟ್ಟದ ರಾಜ್ಯಕ್ಕೆ ಕೋಟೆಗಳಿವೆ, ಒಳ್ಳೆಯ ಕಾಲಾಳುಗಳಿದ್ದಾರೆ. ಬಯಲಿನ ರಾಜ್ಯದಲ್ಲಿ ಬೆಳೆ ಜಾಸ್ತಿ, ಸೈನ್ಯ ಅಷ್ಟಕ್ಕಷ್ಟೆ. ಮೂರನೆಯದು ಬಂದರು ನಗರ. ಅವರ ಹತ್ತಿರ ದೋಣಿ, ಹಡಗು, ಹಣ ಎಲ್ಲ ಇದೆ. ಮೂವರಿಗೂ ತಲೆತಲಾಂತರದ ಜಗಳ. ಬೆಟ್ಟದ ಕಣಿವೆಯಲ್ಲಿ ಒಂದು ಬಾಗಿಲು ತೆರೆದುಕೊಂಡು ರಾಕ್ಷಸರ ದಂಡು ನುಗ್ಗುತ್ತದೆ. ಒಬ್ಬ ವೀರ ಬಂದು ಮಂತ್ರದ ಕತ್ತಿಯಿಂದ ಎಲ್ಲ ಮುಗಿಸುವ ಕಥೆ ಬೇಡ. ರಾಜ್ಯಗಳೇ ತಡೆದುಕೊಳ್ಳಬೇಕು. ನಂಬುವ ಹಾಗೆ ಮಾಡುವುದು ಹೇಗೆ? ಇಂಥ ಆಟ ನಡೆಸಿದವರು, ಕಥೆ ಬರೆದವರು ದಯವಿಟ್ಟು ಹೇಳಿ.

ಆಟ ನಡೆಸುವ ಒಬ್ಬರು:

ಸೈನ್ಯದ ಲೆಕ್ಕ ಆಮೇಲೆ. ಮೊದಲು ರಾಕ್ಷಸರ ಕೈಲಿ ಏನು ಆಗುವುದಿಲ್ಲ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ನಮ್ಮ ಪುರಾಣಗಳಲ್ಲಿ ಇದು ಎಷ್ಟು ಚೆನ್ನಾಗಿದೆ ನೋಡಿ. ಹಿರಣ್ಯಕಶಿಪುವಿಗೆ ಹಗಲಲ್ಲಿ ಸಾವಿಲ್ಲ, ರಾತ್ರಿಯಲ್ಲೂ ಇಲ್ಲ. ಮನೆಯೊಳಗೆ ಇಲ್ಲ, ಹೊರಗೂ ಇಲ್ಲ. ಹಾಗಾಗಿ ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ ಸಾಯುತ್ತಾನೆ. ಎಷ್ಟು ದೊಡ್ಡ ವರವಾದರೂ ಒಂದು ಸಂದು ಇದ್ದೇ ಇರುತ್ತದೆ. ರಕ್ತಬೀಜನದು ಇನ್ನೊಂದು ಥರ. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಒಬ್ಬರು ಕಡಿಯಬೇಕು, ಇನ್ನೊಬ್ಬರು ರಕ್ತ ನೆಲಕ್ಕೆ ಬೀಳದಂತೆ ನೋಡಿಕೊಳ್ಳಬೇಕು. ಅಂಥ ಶತ್ರುವಿನ ಮೇಲೆ ನಿಮ್ಮ ಬೆಟ್ಟದ ಸೈನಿಕರು ಮಾತ್ರ ಹೋದರೆ ಶತ್ರು ಇನ್ನೂ ಬೆಳೆಯುತ್ತಾನೆ. ಪಕ್ಕದವರನ್ನು ಕರೆಯಲೇಬೇಕಾದ ಕಾರಣ ಶತ್ರುವಿನ ಗುಣದಲ್ಲೇ ಇರಲಿ.

ನಾನು ನಡೆಸಿದ ಆಟದಲ್ಲಿ ರಾಕ್ಷಸರು ಹರಿಯುವ ನೀರು ದಾಟಲಾರರು. ಮನುಷ್ಯರು ಕಟ್ಟಿದ ಸೇತುವೆ ಇದ್ದರೆ ಮಾತ್ರ ದಾಟಬಲ್ಲರು. ಇಷ್ಟೇ ನಿಯಮ. ಒಂದು ಇಡೀ ಸಂಜೆ ಒಂದೇ ಮರದ ಸೇತುವೆಯ ಮೇಲೆ ಕಳೆಯಿತು. ಈ ದಡದಲ್ಲಿ ಬಡಗಿಗಳು ಹಲಗೆಗಳ ಮೊಳೆ ಕೀಳುತ್ತಿದ್ದಾರೆ. ಆ ದಡದಿಂದ ಜನ ಮಕ್ಕಳನ್ನು ಎತ್ತಿಕೊಂಡು, ದನ ಹೊಡೆದುಕೊಂಡು ಇನ್ನೂ ಬರುತ್ತಲೇ ಇದ್ದಾರೆ. ಸೇತುವೆ ಒಂದು ರಾಜ್ಯದ್ದು, ಬರುತ್ತಿರುವ ಜನ ಇನ್ನೊಂದು ರಾಜ್ಯದವರು. ಕೊನೆಯ ಹಲಗೆ ಯಾವಾಗ ಕೀಳಬೇಕು ಅಂತ ಹೇಳುವ ಅಧಿಕಾರ ಯಾರಿಗೆ? ಅವತ್ತು ಯಾರೂ ಕತ್ತಿ ಮುಟ್ಟಲಿಲ್ಲ. ಆದರೂ ನನ್ನ ಆಟಗಾರರು ಅಷ್ಟು ಮನಸ್ಸಿಟ್ಟು ಆಡಿದ್ದನ್ನು ಬೇರೆ ಯಾವತ್ತೂ ನೋಡಿಲ್ಲ.

ಇತಿಹಾಸ ಓದುವ ಒಬ್ಬರು:

ಅಧಿಕಾರ ಯಾರಿಗೆ ಅನ್ನುವ ಆ ಪ್ರಶ್ನೆಯೇ ಎಲ್ಲದರ ಬುಡ. "ಮೂರು ರಾಜ್ಯಗಳೂ ಒಂದಾದವು" ಅಂತ ಒಂದು ಸಾಲು ಬರೆದು ಮುಂದೆ ಹೋಗಬೇಡಿ. ಕಥೆ ಇರುವುದೇ ಅಲ್ಲಿ.

ಕ್ರಿ.ಪೂ. 480ರಲ್ಲಿ ಪರ್ಷಿಯದ ಸೈನ್ಯ ಗ್ರೀಸಿನ ಮೇಲೆ ಬಂದಾಗ ಹಡಗುಗಳು ಜಾಸ್ತಿ ಇದ್ದದ್ದು ಅಥೆನ್ಸ್ ಹತ್ತಿರ. ಆದರೆ ಅಥೆನ್ಸಿನವರ ಕೈಕೆಳಗೆ ನಾವು ಇರುವುದಿಲ್ಲ ಅಂತ ಉಳಿದವರು ಪಟ್ಟು ಹಿಡಿದರು. ಅಥೆನ್ಸ್ ಬಿಟ್ಟುಕೊಟ್ಟಿತು. ಹಡಗುಪಡೆಯ ನಾಯಕತ್ವ ಸ್ಪಾರ್ಟಾದವನಿಗೆ ಹೋಯಿತು. ಸಿರಾಕ್ಯೂಸ್ ಅನ್ನುವ ಗ್ರೀಕ್ ನಗರದ ಅರಸ ಗೆಲೋನ್ ದೊಡ್ಡ ಸೈನ್ಯ ಕೊಡುತ್ತೇನೆ, ಆದರೆ ನಾಯಕತ್ವ ನನಗೇ ಬೇಕು ಅಂದನಂತೆ. ಆ ಕಾಲದ ಇತಿಹಾಸ ಬರೆದ ಹೆರೊಡೋಟಸ್ ಹಾಗೆ ಹೇಳುತ್ತಾನೆ. ನಾಯಕತ್ವ ಸಿಗಲಿಲ್ಲ, ಸೈನ್ಯವೂ ಬರಲಿಲ್ಲ. ಗ್ರೀಕರದೇ ಊರಾದ ಥೀಬ್ಸ್ ಶತ್ರುವಿನ ಜೊತೆ ಸೇರಿತು. ಗೆದ್ದ ಮೇಲೆ ಡೆಲ್ಫಿಯಲ್ಲಿ ನಿಲ್ಲಿಸಿದ ಕಂಚಿನ ಕಂಬದ ಮೇಲೆ ಒಟ್ಟಿಗೆ ನಿಂತ 31 ರಾಜ್ಯಗಳ ಹೆಸರಿದೆ. ಗ್ರೀಕರ ಊರು-ರಾಜ್ಯಗಳು ನೂರಾರಿದ್ದವು. ಅಂದರೆ ಬಾರದವರೇ ಹೆಚ್ಚು. ನಿಮ್ಮ ಲೋಕದಲ್ಲೂ ಬಾರದವರು ಯಾರು, ಯಾಕೆ ಬರಲಿಲ್ಲ ಅನ್ನುವುದು ಗೊತ್ತಿರಲಿ.

ಇನ್ನೊಂದು ಉದಾಹರಣೆ ನನಗೆ ಓದಿದಾಗಲೆಲ್ಲ ಸಂಕಟ ತರುತ್ತದೆ. ಮಂಗೋಲರಿಂದ ತಪ್ಪಿಸಿಕೊಂಡು ಬಂದ ಕುಮನ್ ಜನರಿಗೆ ಹಂಗೇರಿಯ ರಾಜ ನಾಲ್ಕನೆಯ ಬೇಲಾ 1239ರಲ್ಲಿ ಆಶ್ರಯ ಕೊಟ್ಟ. ಕುಮನ್ನರು ಮಂಗೋಲರ ಥರವೇ ಕುದುರೆ ಮೇಲೆ ಯುದ್ಧ ಮಾಡುವವರು, ಅವರ ಪಟ್ಟುಗಳೆಲ್ಲ ಗೊತ್ತಿದ್ದವರು. 1241ರಲ್ಲಿ ಮಂಗೋಲರು ಬಂದಾಗ ಪೆಸ್ಟ್ ನಗರದಲ್ಲಿ ಇವರೇ ಗೂಢಚಾರರು ಅಂತ ಗುಲ್ಲೆದ್ದು, ಅವರ ನಾಯಕ ಕೋಟೆನನ್ನು ಕೊಂದುಹಾಕಿದರು. ಕುಮನ್ನರು ಸಿಟ್ಟಿನಿಂದ ಊರುಗಳನ್ನು ಸೂರೆ ಮಾಡುತ್ತಾ ಹೊರಟುಹೋದರು. ಏಪ್ರಿಲ್ 11ರಂದು ಮೊಹಿಯಲ್ಲಿ ಹಂಗೇರಿಯ ಸೈನ್ಯ ನುಚ್ಚುನೂರಾಯಿತು. ಎರಡು ದಿನ ಮೊದಲು ಲೆಗ್ನಿಸಾದಲ್ಲಿ ಪೋಲೆಂಡಿನವರೂ ಸೋತಿದ್ದರು. ಆಮೇಲೆ ಬೇಲಾ ಕುಮನ್ನರನ್ನು ಮತ್ತೆ ಕರೆಸಿಕೊಂಡ, ಕಲ್ಲಿನ ಕೋಟೆಗಳನ್ನು ಕಟ್ಟಿಸಿದ. 1285ರಲ್ಲಿ ಮಂಗೋಲರು ತಿರುಗಿ ಬಂದಾಗ ಹಂಗೇರಿ ತಡೆದುಕೊಂಡಿತು.

ನಿಮ್ಮ ಬಾಗಿಲಿನ ಆಚೆಯಿಂದಲೂ ಯಾರಾದರೂ ತಪ್ಪಿಸಿಕೊಂಡು ಬರಲಿ. ರಾಕ್ಷಸರ ಗುಟ್ಟು ಗೊತ್ತಿರುವವರು ಅವರೊಬ್ಬರೇ, ಆದರೆ ಯಾರೂ ನಂಬುತ್ತಿಲ್ಲ. ಆಟಗಾರರು ಏನು ಮಾಡುತ್ತಾರೆ ನೋಡಿ.

ಒಪ್ಪಂದ ಹೇಗಿರಬೇಕು ಅಂದರೆ 1683ರದ್ದು ನೋಡಿ. ಆಸ್ಟ್ರಿಯದ ಚಕ್ರವರ್ತಿಯೂ ಪೋಲೆಂಡಿನ ರಾಜ ಸೋಬಿಯೆಸ್ಕಿಯೂ ಯುದ್ಧಕ್ಕೆ ಕೆಲವು ತಿಂಗಳು ಮೊದಲೇ ಮಾತಾಡಿಕೊಂಡಿದ್ದರು. ಒಬ್ಬರ ರಾಜಧಾನಿಗೆ ಮುತ್ತಿಗೆ ಬಿದ್ದರೆ ಇನ್ನೊಬ್ಬರು ಬರಬೇಕು. ಆಸ್ಟ್ರಿಯದ ರಾಜಧಾನಿ ವಿಯೆನ್ನಾ ಆಟೊಮನ್ ತುರ್ಕರ ಮುತ್ತಿಗೆಯನ್ನು ಸುಮಾರು ಎರಡು ತಿಂಗಳು ತಡೆದುಕೊಂಡು ನಿಂತಿತು. ಸೆಪ್ಟೆಂಬರ್ 12ರಂದು ಪೋಲೆಂಡಿನ ಕುದುರೆಪಡೆಯೂ ಜರ್ಮನ್ ನಾಡುಗಳ ಸೈನ್ಯಗಳೂ ಒಟ್ಟಿಗೆ ಬೆಟ್ಟ ಇಳಿದವು. ಮುತ್ತಿಗೆಗೆ ಸಿಕ್ಕಿದವರ ಕೆಲಸ ಗೆಲ್ಲುವುದಲ್ಲ, ನೆರವು ಬರುವ ತನಕ ಉಳಿಯುವುದು.

ಕಾದಂಬರಿ ಬರೆಯುತ್ತಿರುವ ಒಬ್ಬರು:

ಯಾರೂ ಊಟದ ಮಾತು ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಿಂದಿನ ಕಾಲದ ಒಬ್ಬ ಸೈನಿಕನಿಗೆ ದಿನಕ್ಕೆ ಸುಮಾರು ಒಂದು ಕಿಲೋ ಧಾನ್ಯ ಅಂತ ಇಟ್ಟುಕೊಳ್ಳಿ. 10,000 ಜನರ ಸೈನ್ಯಕ್ಕೆ ದಿನಕ್ಕೆ 10 ಟನ್. ಕುದುರೆಗಳ ಮೇವು ಬೇರೆ. ಗಾಡಿಯಲ್ಲಿ ಸಾಗಿಸಿದರೆ ಎಳೆಯುವ ಎತ್ತುಗಳಿಗೂ ಹಾಕಬೇಕು. ದಾರಿ ಉದ್ದವಾದಷ್ಟೂ ತಲುಪುವುದು ಕಡಿಮೆ. ದೋಣಿಯಲ್ಲಾದರೆ ಈ ತೊಂದರೆ ತುಂಬಾ ಕಡಿಮೆ. ಈಗ ನಿಮ್ಮ ನಕ್ಷೆ ನೋಡಿ. ಧಾನ್ಯ ಬಯಲಿನಲ್ಲಿ, ದೋಣಿ ಬಂದರಿನವರ ಹತ್ತಿರ, ಹಸಿದವರು ಬೆಟ್ಟದ ಕೋಟೆಯಲ್ಲಿ. ಮೂವರೂ ಒಬ್ಬರನ್ನೊಬ್ಬರು ಬಿಟ್ಟು ಇರಲಾರರು ಅಂತ ಹೇಳಲು ಭಾಷಣವೇ ಬೇಡ, ಅಲ್ವಾ?

ರಾಕ್ಷಸರು ಏನು ತಿನ್ನುತ್ತಾರೆ ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಿ. ಏನೂ ತಿನ್ನದಿದ್ದರೆ ಅವರು ಕೋಟೆಗೆ ಮುತ್ತಿಗೆ ಹಾಕಿ ಕೂತರೆ ಸಾಕು, ಗೆಲುವು ಅವರದೇ. ನನ್ನ ಕಥೆಯಲ್ಲಿ ಅವರು ಮನುಷ್ಯರ ಭಯವನ್ನು ಉಂಡು ಬದುಕುತ್ತಾರೆ. ಆಗ ಊರುಗಳನ್ನು ಮೊದಲೇ ಖಾಲಿ ಮಾಡಿಸುವುದು ಶತ್ರುವಿನ ಅನ್ನ ಕಿತ್ತುಕೊಂಡ ಹಾಗೆ. ನಿರಾಶ್ರಿತರಿಗೆ ಪಕ್ಕದ ರಾಜ್ಯದಲ್ಲಿ ಚಾವಣಿ, ಬಾವಿ, ಕಕ್ಕಸು ಮಾಡಿಸುವ ಗುಮಾಸ್ತನೂ ಸೇನಾಪತಿಯಷ್ಟೇ ದೊಡ್ಡ ಪಾತ್ರವಾಗುತ್ತಾನೆ. ನನಗೆ ತುಂಬಾ ಇಷ್ಟವಾದ ಪಾತ್ರ ಅವನೇ.

ಇನ್ನೊಬ್ಬರು:

ಸುದ್ದಿ ಮುಟ್ಟಿಸುವುದನ್ನು ಮರೆಯಬೇಡಿ. 9ನೇ ಶತಮಾನದಲ್ಲಿ ಬೈಜಾಂಟಿಯಂ ಸಾಮ್ರಾಜ್ಯದವರು ಗಡಿಯ ಲೂಲೋನ್ ಕೋಟೆಯಿಂದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ತನಕ ಬೆಟ್ಟಗಳ ಮೇಲೆ ಬೆಂಕಿಗೂಡುಗಳ ಸಾಲು ಇಟ್ಟಿದ್ದರು. ಸುಮಾರು 700 ಕಿಲೋಮೀಟರ್ ದೂರ. ಎರಡೂ ಕಡೆ ಒಂದೇ ಸಮ ನಡೆಯುವ ಗಡಿಯಾರ. ಬೆಂಕಿ ಯಾವ ಗಂಟೆಗೆ ಹತ್ತಿತು ಅನ್ನುವುದರ ಮೇಲೆ ಸುದ್ದಿ ಏನು ಅಂತ ತಿಳಿಯುತ್ತಿತ್ತು. ನಿಮ್ಮ ಬೆಟ್ಟದವರು ಇಂಥದ್ದು ಇಡಲಿ. ಒಂದು ಬೆಂಕಿಗೂಡು ರಾಕ್ಷಸರ ಕೈಗೆ ಸಿಕ್ಕಿ ಸುಳ್ಳು ಸುದ್ದಿ ಹೊರಟರೆ ಅದೇ ಒಂದು ಇಡೀ ದಿನದ ಆಟ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಂದರು ನಗರದವರ ಪಾತ್ರ ಮಾಡುವ ಗೆಳತಿ "ನಾವು ಯಾರ ಕಡೆಯೂ ಸೇರುವುದಿಲ್ಲ" ಅನ್ನುತ್ತಿದ್ದಾಳೆ. ಬಿಡಲೇ?

ಇತಿಹಾಸ ಓದುವವರು:

ಖಂಡಿತ ಬಿಡಿ. 1260ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಮ್ಲೂಕರು ಮಂಗೋಲರನ್ನು ಎದುರಿಸಲು ಹೊರಟಾಗ ದಾರಿಯಲ್ಲಿದ್ದ ಏಕರ್ ನಗರ ಅವರ ಹಳೇ ಶತ್ರುಗಳಾದ ಕ್ರೈಸ್ತರದ್ದು. ಅವರು ಜೊತೆಗೂಡಲಿಲ್ಲ. ಆದರೆ ಸೈನ್ಯ ತಮ್ಮ ನೆಲ ದಾಟಿ ಹೋಗಲು, ದಿನಸಿ ಕೊಳ್ಳಲು ಬಿಟ್ಟರು. ಐನ್ ಜಾಲೂತ್‌ನಲ್ಲಿ ಮಂಗೋಲರು ಸೋತರು. ಸುಮ್ನೆ ದಾರಿ ಬಿಡುವುದೂ ದೊಡ್ಡ ಸಹಾಯ. ಅದಕ್ಕೆ ಆಕೆ ಏನು ಬೆಲೆ ಕೇಳುತ್ತಾಳೆ ಅಂತ ಆಡಿಸಿ.

ಗೆದ್ದ ಮೇಲಿನದನ್ನೂ ಈಗಲೇ ಯೋಚಿಸಿ. 1565ರಲ್ಲಿ ವಿಜಯನಗರದ ವಿರುದ್ಧ ಒಂದಾಗುವ ಮೊದಲು ಬಿಜಾಪುರಕ್ಕೂ ಅಹಮದ್‌ನಗರಕ್ಕೂ ಸೊಲ್ಲಾಪುರದ ಕೋಟೆಗಾಗಿ ಎಷ್ಟೋ ಕಾಲದ ಜಗಳವಿತ್ತು. ಚಾಂದ್ ಬೀಬಿಯ ಮದುವೆಯಲ್ಲಿ ಆ ಕೋಟೆಯನ್ನೇ ಬಳುವಳಿಯಾಗಿ ಬಿಜಾಪುರಕ್ಕೆ ಕೊಟ್ಟು ಜಗಳ ಬಗೆಹರಿಸಿದರು. ಯುದ್ಧ ಗೆದ್ದರು, ಒಗ್ಗಟ್ಟು ಮಾತ್ರ ಹೆಚ್ಚು ಕಾಲ ಉಳಿಯಲಿಲ್ಲ. ನಿಮ್ಮ ಮೂರು ರಾಜ್ಯಗಳಿಗೂ ಅಂಥ ಒಂದು ಕೋಟೆ ಇಡಿ, ಬಾಗಿಲು ತೆರೆದ ಕಣಿವೆಯ ಪಕ್ಕದಲ್ಲೇ. ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಕಾವಲು ಯಾರದು, ಕಾವಲುಗಾರರ ಸಂಬಳ ಯಾರ ಖಜಾನೆಯಿಂದ ಅನ್ನುವುದನ್ನು ಮೊದಲ ದಿನದ ಒಪ್ಪಂದದಲ್ಲೇ ಆಟಗಾರರ ಕೈಲಿ ಬರೆಸಿ.