ಮೀನುಮರಿ ಬಿಟ್ಟ ಲೆಕ್ಕವನ್ನೇ ಸ್ಥಳೀಯ ಮೀನುಗಳ ಸಂರಕ್ಷಣೆ ಎನ್ನಬಹುದೇ?

ಪ್ರಶ್ನೆ (ಹೊಳೆಸಾಲು):
ನದಿ, ಜಲಾಶಯಗಳಿಗೆ ಇಷ್ಟು ಲಕ್ಷ ಮೀನುಮರಿಗಳನ್ನು ಬಿಡಲಾಯಿತು ಎಂಬ ಲೆಕ್ಕ ಸರ್ಕಾರಿ ವರದಿಗಳಲ್ಲಿ ತಪ್ಪದೆ ಇರುತ್ತದೆ. ಕಾಟ್ಲಾ, ರೋಹುಗಳ ಬಿತ್ತನೆ ಮೀನುಗಾರರ ಆದಾಯಕ್ಕಾಗಿ ನಡೆಯುವುದರಿಂದ ಅಲ್ಲಿ ಈ ಲೆಕ್ಕಕ್ಕೆ ಅರ್ಥವಿದೆ. ಅಳಿವಿನಂಚಿನಲ್ಲಿರುವ ಸ್ಥಳೀಯ ಮೀನುಗಳಿಗೂ ಇದೇ ಅಳತೆ ಸಾಕೇ? ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿ ಮೊಟ್ಟೆಯಿಟ್ಟವು ಎಂಬುದನ್ನು ಯಾರು ನೋಡಬೇಕು?

ಉತ್ತರ (ಮಡುವಿನಂಚು):
ಸಾಲದು ಎನ್ನಲು ಕಾವೇರಿಯ ದೊಡ್ಡ ಗಾತ್ರದ ನದಿಮೀನು ಮಹಶೀರ್ ಒಂದೇ ಸಾಕು. ಬೆನ್ನು ಗೂನಾಗಿರುವ, ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಕೊಳ್ಳವನ್ನು ಬಿಟ್ಟರೆ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಆದರೆ ಮಹಶೀರ್ ಉಳಿಸುವ ಸದುದ್ದೇಶದಿಂದಲೇ ದಶಕಗಳ ಕಾಲ ಈ ನದಿಗೆ ಬಿಟ್ಟದ್ದು ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದ ನೀಲಿ ರೆಕ್ಕೆಯ ಬೇರೊಂದು ಪ್ರಭೇದವನ್ನು. ಗಾಳ ಹಾಕುವ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ, ಗೂನುಬೆನ್ನಿನದು ಕುಸಿಯುತ್ತ ಬಂದಿರುವುದು ಕಂಡಿತು. ಗೂನುಬೆನ್ನಿನ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದು ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿ. ಯಾವ ಮೀನೆಂದು ತಿಳಿಯುವ ಮೊದಲೇ ಸಂರಕ್ಷಣೆ ಆರಂಭವಾಗಿತ್ತು! ವನ್ಯಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ದಾಖಲೆಯೂ ನಿಂತಿತು ಎಂಬುದು ಈ ಕಥೆಯ ಇನ್ನೊಂದು ಮುಖ.

ಉತ್ತರ (ಅಳಿವೆ):
ಅಮೆರಿಕದ ಕೊಲರಾಡೊ ಕೊಳ್ಳದ ಉದಾಹರಣೆಯೂ ನೋಡತಕ್ಕದ್ದು. ಅಲ್ಲಿನ ಗ್ರೀನ್ ನದಿಗೆ 1962ರಲ್ಲಿ ಸರ್ಕಾರಿ ಸಂಸ್ಥೆಗಳೇ ರೋಟೆನೋನ್ ವಿಷ ಹಾಕಿ, ಹೊಸ ಜಲಾಶಯದಲ್ಲಿ ಟ್ರೌಟ್ ಬೆಳೆಸಲು ಅಡ್ಡಿಯೆಂದು ಸ್ಥಳೀಯ ಮೀನುಗಳನ್ನು ಕೊಂದವು. ಆ ಕೊಳ್ಳದ ಸ್ಥಳೀಯ ಮೀನುಗಳನ್ನೇ ಉಳಿಸಲು ಈಗ ಸರ್ಕಾರ ಹಣ ಸುರಿಯುತ್ತಿದೆ. ಅಲ್ಲಿಯೂ ಮರಿ ಬಿಡುತ್ತಾರೆ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ: ರೇಜರ್‌ಬ್ಯಾಕ್ ಸಕರ್ ಮೀನಿನ ಮೊಟ್ಟೆಯೊಡೆದ ಎಳೆಮರಿಗಳು ನದಿಯಲ್ಲಿ ಕಾಣಿಸಿಕೊಳ್ಳುವುದನ್ನು ಕಾದು ನೋಡಿ, ಅವು ತಗ್ಗಿನ ಜೌಗುಗಳನ್ನು ಸೇರುವಂತೆ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನಿಂದ ನೀರು ಬಿಡುತ್ತಾರೆ.

ಮರುಪ್ರಶ್ನೆ (ಹೊಳೆಸಾಲು):
ನಮ್ಮಲ್ಲಿ ಹಾಗೆ ನೀರು ಬಿಡಿಸುವ ಅಧಿಕಾರ ಯಾರಿಗಿದೆ?

ಉತ್ತರ (ಮಡುವಿನಂಚು):
ತೊಡಕಿರುವುದೇ ಅಲ್ಲಿ. ಸಂವಿಧಾನದಂತೆ ಒಳನಾಡು ಮೀನುಗಾರಿಕೆ ರಾಜ್ಯಗಳ ವಿಷಯ. ಬ್ಯಾರಕ್‌ಪುರದ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯಾಗಲಿ, ತಳಿಗುಣಗಳನ್ನು ಪರೀಕ್ಷಿಸುವ ಲಖನೌದ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯಾಗಲಿ ಕೇಂದ್ರದವು, ಅವು ಸಲಹೆ ನೀಡಬಲ್ಲವೇ ಹೊರತು ಆದೇಶ ಹೊರಡಿಸಲಾರವು. ಅಣೆಕಟ್ಟಿನ ನೀರು ಜಲಸಂಪನ್ಮೂಲ ಇಲಾಖೆಯದು, ಮರಳು ಗಣಿ ಇಲಾಖೆಯದು, ವನ್ಯಧಾಮದ ಮಡುಗಳು ಅರಣ್ಯ ಇಲಾಖೆಯವು. ಮೀನುಗಾರಿಕೆ ಇಲಾಖೆಯ ಕೈಯಲ್ಲಿ ಪೂರ್ತಿಯಾಗಿ ಉಳಿಯುವುದು ಮರಿಗಳು ಮಾತ್ರವಾದ್ದರಿಂದ ಅದು ಮರಿಗಳನ್ನೇ ಎಣಿಸುತ್ತದೆ. ಅದನ್ನು ಬರಿಯ ಉದಾಸೀನವೆಂದು ದೂರುವುದು ನನಗೆ ಸರಿಕಾಣದು. ಆದರೂ ಆಯಾ ನದಿಯ ತಾಯಿಮೀನುಗಳಿಂದಲೇ ಮರಿ ಮಾಡಿಸುವುದು, ಬಿಡುವ ಮುನ್ನ ಗುರುತು ಹಾಕುವುದು, ಮುಂದಿನ ವರ್ಷಗಳ ಸಮೀಕ್ಷೆಯನ್ನು ಮರಿ ಬಿಡದ ಬೇರೆ ಸಂಸ್ಥೆಗೆ ಒಪ್ಪಿಸಿ ಫಲಿತಾಂಶವನ್ನು ಪ್ರಕಟಿಸುವುದು, ಇವಿಷ್ಟಕ್ಕೆ ಬೇರೆ ಇಲಾಖೆಗಳ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ.