ಬ್ರೆಜಿಲ್‌ಗೆ ಹೊರಟಿದ್ದೇವೆ, ಯಾವ ಹಬ್ಬಕ್ಕೆ ಎಲ್ಲಿರಬೇಕು?

ಪ್ರಶ್ನೆ: ನಮ್ಮ ಯಜಮಾನರಿಗೆ ಸಾವೊ ಪೌಲೊ ಹತ್ತಿರದ ಕಾಂಪೀನಾಸ್‌ಗೆ ವರ್ಗ ಆಗಿದೆ. ಎರಡು ವರ್ಷ ಅಲ್ಲಿರುತ್ತೇವೆ. ಮಗಳಿಗೆ ಎಂಟು ವರ್ಷ. ಮಾಂಸ, ಮೊಟ್ಟೆ ಎರಡೂ ತಿನ್ನುವುದಿಲ್ಲ. ಕೇಳಿದವರೆಲ್ಲ ಕಾರ್ನಿವಲ್ ಕಾರ್ನಿವಲ್ ಅಂತಾರೆ. ಮಗು ಕರ್ಕೊಂಡು ಆ ಗದ್ದಲಕ್ಕೆ ಹೋಗಬಹುದಾ? ಬೇರೆ ಹಬ್ಬಗಳು ಯಾವುವು? ಅಂಗಡಿ, ಬ್ಯಾಂಕ್ ಯಾವಾಗ ಮುಚ್ಚಿರುತ್ತವೆ? ಅಲ್ಲಿದ್ದವರು ದಯವಿಟ್ಟು ಹೇಳಿ.

ಕಾಂಪೀನಾಸ್‌ನಲ್ಲಿರುವ ಒಬ್ಬ ತಾಯಿ: ಕಾರ್ನಿವಲ್ ಆಮೇಲೆ ನೋಡೋಣ, ಮೊದಲು ಜೂನ್ ತಿಂಗಳನ್ನು ಗುರುತು ಹಾಕಿಕೊಳ್ಳಿ. ಆ ತಿಂಗಳಿಡೀ ಫೆಸ್ಟಾ ಜುನಿನಾ. 13ಕ್ಕೆ ಸಂತ ಅಂತೋನಿ, 24ಕ್ಕೆ ಸಂತ ಜಾನ್, 29ಕ್ಕೆ ಸಂತ ಪೀಟರ್. ಹೆಸರಿಗೆ ಸಂತರ ಹಬ್ಬ, ಆದರೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ನಮ್ಮ ಕಡೆ ಜುಲೈವರೆಗೂ ಎಳೆಯುತ್ತಾರೆ. ಪ್ರತಿ ಶಾಲೆ, ಪ್ರತಿ ಚರ್ಚ್ ತನ್ನದೇ ದಿನ ಇಟ್ಟುಕೊಳ್ಳುತ್ತದೆ.

ನಿಮ್ಮ ಮಗಳು ಕುಣಿಯಲೇಬೇಕಾಗುತ್ತದೆ, ತಯಾರಾಗಿರಿ! ಚೌಕಳಿ ಅಂಗಿ, ಹುಲ್ಲಿನ ಟೋಪಿ ಹಾಕಿ, ಕೆನ್ನೆಗೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟು ಹಳ್ಳಿಯವರ ವೇಷ ಮಾಡುತ್ತಾರೆ. ಜೋಡಿ ಜೋಡಿಯಾಗಿ ಕುಣಿಯುವ ಆ ಕುಣಿತಕ್ಕೆ ಕ್ವಾದ್ರಿಲ್ಯಾ ಅಂತಾರೆ. ಒಬ್ಬರು ಮೈಕ್ ಹಿಡಿದು "ಮಳೆ ಬಂತು!" ಎಂದು ಕೂಗಿದರೆ ಸಾಲು ಪೂರ್ತಿ ಹಿಂದೆ ತಿರುಗುತ್ತದೆ. "ಸುಳ್ಳು!" ಎಂದರೆ ಮತ್ತೆ ಮುಂದಕ್ಕೆ. "ಹಾವು!" ಎಂದರೆ ಕಿರುಚಾಟ. ಜೊತೆಗೊಂದು ಅಣಕು ಮದುವೆ. ಮದುವೆಗಂಡು ಓಡಿ ಹೋಗಲು ನೋಡುತ್ತಾನೆ, ಹೆಣ್ಣಿನ ಅಪ್ಪ ಕೋವಿ ಹಿಡಿದು ಅಡ್ಡ ನಿಲ್ಲುತ್ತಾನೆ. ಭಾಷೆ ಬಾರದ ಮಕ್ಕಳೂ ಬಿದ್ದು ಬಿದ್ದು ನಗುತ್ತಾರೆ.

ಊಟಕ್ಕೂ ನಿಮಗೆ ಇದೇ ಸುಲಭದ ಹಬ್ಬ. ಬೇಯಿಸಿದ ಜೋಳ ಸಿಗುತ್ತದೆ. ಎಳೆ ಜೋಳ ರುಬ್ಬಿ, ಅದರದೇ ಸಿಪ್ಪೆಯಲ್ಲಿ ಕಟ್ಟಿ ಬೇಯಿಸುವ ಪಮೋನ್ಯಾ ಸಿಗುತ್ತದೆ. ಪೆ ದಿ ಮೊಲೆಕಿ ಅಂತ ಒಂದಿದೆ, ಬಾಯಿಗಿಟ್ಟರೆ ನಮ್ಮ ಕಡಲೆಕಾಯಿ ಚಿಕ್ಕಿಯೇ. ಪಮೋನ್ಯಾದಲ್ಲಿ ಸಿಹಿಯದನ್ನೇ ಕೇಳಿ. ಉಪ್ಪಿನದರಲ್ಲಿ ಸಾಸೇಜ್ ಇಟ್ಟಿರಬಹುದು. ಜೋಳದ ಹಿಟ್ಟಿನ ಕೇಕ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಇನ್ನೊಂದು ಮಾತು. "ಮಾಂಸ ಬೇಡ" ಎಂದಷ್ಟೇ ಹೇಳಿದರೆ ದನದ ಮಾಂಸ ಬಿಟ್ಟು ಹ್ಯಾಮ್ ಹಾಕಿಕೊಡುವವರಿದ್ದಾರೆ. ಕೋಳಿ, ಹ್ಯಾಮ್, ಮೀನು ಎಂದು ಒಂದೊಂದನ್ನೂ ಹೆಸರು ಹೇಳಿ ಬೇಡ ಅನ್ನಿ. ಬಿಸಿಬಿಸಿ ಕ್ವೆಂತಾವ್‌ನಲ್ಲಿ ಶುಂಠಿ, ಲವಂಗದ ಜೊತೆ ಕಬ್ಬಿನ ಸಾರಾಯಿ ಇರುತ್ತದೆ. ಮಗುವಿಗೆ ಕಷಾಯ ಅಂತ ಕೊಟ್ಟೀರಿ! ಜೂನ್ ಅಲ್ಲಿ ಚಳಿಗಾಲ, ರಾತ್ರಿಗೆ ಸ್ವೆಟರ್ ಬೇಕು.

ಈಶಾನ್ಯ ಬ್ರೆಜಿಲ್‌ನ ರೆಸಿಫೆಯಲ್ಲಿ ಕೆಲಸ ಮಾಡಿದವರು: ಶಾಲೆಯ ಜುನಿನಾ ನೋಡಿ ಅದನ್ನೇ ಹಬ್ಬ ಅನ್ನಬೇಡಿ ಅಕ್ಕಾ. ಅದರ ನಿಜವಾದ ಊರು ಈಶಾನ್ಯ ಭಾಗ. ಪರಾಯಿಬಾ ರಾಜ್ಯದ ಕಂಪೀನಾ ಗ್ರಾಂಡಿ, ಪೆರ್ನಾಂಬುಕೊದ ಕಾರುವಾರು, ಈ ಎರಡು ಊರುಗಳಿಗೆ ಯಾರದು ದೊಡ್ಡದು ಅಂತ ಜಿದ್ದಾಜಿದ್ದಿ. ಅಕಾರ್ಡಿಯನ್ ಸದ್ದಿಗೆ ರಾತ್ರಿಯಿಡೀ ಫೊರೊ ಕುಣಿಯುತ್ತಾರೆ.

ಕಾರ್ನಿವಲ್‌ಗೂ ಇದೇ ಕಡೆ ಬನ್ನಿ. ರಿಯೊದ ಸಾಂಬಾಡ್ರೋಮ್ ನೋಡಬೇಕಾದದ್ದೇ. ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ವಿನ್ಯಾಸದಂತೆ 1984ರಲ್ಲಿ ಕಟ್ಟಿದ ಮೆರವಣಿಗೆ ಬೀದಿ ಅದು. ಆದರೆ ಅಲ್ಲಿ ಟಿಕೆಟ್ ಬೇಕು, ಆಟ ಬೆಳಗಿನ ಜಾವದವರೆಗೆ. ಮಗು ಎರಡನೇ ತಂಡಕ್ಕೇ ನಿದ್ದೆ ಹೋಗುತ್ತದೆ. ನಮ್ಮ ರೆಸಿಫೆ ಪಕ್ಕದ ಒಲಿಂಡಾದಲ್ಲಿ ಹಗಲಲ್ಲೇ ಆಳೆತ್ತರ ಮೀರಿದ ಗೊಂಬೆಗಳು ಏರುಬೀದಿಗಳಲ್ಲಿ ಬರುತ್ತವೆ. ಪುಟ್ಟ ಬಣ್ಣದ ಛತ್ರಿ ಹಿಡಿದು ಫ್ರೆವೊ ಕುಣಿಯುತ್ತಾರೆ. ಪುಕ್ಕಟೆ. ರೆಸಿಫೆಯ ಗಾಲೊ ದಾ ಮದ್ರುಗಾದಾ ಎಂಬ ಕಾರ್ನಿವಲ್ ಮೆರವಣಿಗೆ ಮಾತ್ರ ಮಗುವಿನ ಜೊತೆ ಬೇಡ. ಶನಿವಾರ ಬೆಳಗ್ಗೆ ಕಾಲಿಡಲು ಜಾಗ ಇರುವುದಿಲ್ಲ.

ಮೊದಲಿನ ತಾಯಿ: ಎಂಟು ವರ್ಷದ ಮಗುವಿಗೆ ರಾತ್ರಿಯಿಡೀ ಫೊರೊ ಯಾಕೆ ಮಾರಾಯರೇ? ಮೊದಲ ವರ್ಷ ಶಾಲೆಯದು, ಎರಡನೇ ವರ್ಷ ಕಾರುವಾರು. ಆಯ್ತಲ್ವಾ?

ಸಾಲ್ವಡೋರ್‌ನಲ್ಲಿದ್ದ ಇನ್ನೊಬ್ಬರು: ಸಾಲ್ವಡೋರ್ ಹೆಸರನ್ನೇ ಯಾರೂ ಎತ್ತಲಿಲ್ಲವಲ್ಲ! ಅಲ್ಲಿ ಕಾರ್ನಿವಲ್‌ಗೆ ಫಿಲ್ಯೋಸ್ ದಿ ಗಾಂಧಿ ಎಂಬ ತಂಡ ಬರುತ್ತದೆ. ಹೌದು, ನಮ್ಮ ಗಾಂಧೀಜಿಯ ಹೆಸರೇ. ಅವರ ಹತ್ಯೆಯಾದ ಮರುವರ್ಷ, 1949ರಲ್ಲಿ, ಬಂದರಿನ ಕೂಲಿಯವರು ಕಟ್ಟಿದ್ದು. ಬಿಳಿ ಬಟ್ಟೆ, ಬಿಳಿ ಮುಂಡಾಸು, ನೀಲಿ-ಬಿಳಿ ಮಣಿಸರ. ಆಫ್ರಿಕದಿಂದ ಬಂದ ದೇವತೆಗಳ ತಾಳ ಬಾರಿಸುತ್ತ ಗಂಡಸರು ಸಾಲಾಗಿ ಸಾಗುತ್ತಾರೆ.

ಕಾರ್ನಿವಲ್ ಬೇಡ ಎಂದರೆ ಜನವರಿಗೆ ಹೋಗಿ. ಬೊನ್ಫಿಮ್ ಚರ್ಚಿನ ಮೆಟ್ಟಿಲನ್ನು ಬಿಳಿ ಲಂಗದ ಹೆಂಗಸರು ಪರಿಮಳದ ನೀರಿನಿಂದ ತೊಳೆಯುತ್ತಾರೆ. ಜನ ಸುಮಾರು 8 ಕಿ.ಮೀ. ನಡೆದು ಬರುತ್ತಾರೆ. ಫೆಬ್ರವರಿ 2ಕ್ಕೆ ಸಮುದ್ರದೇವತೆ ಇಯೆಮಾಂಜಾಗೆ ದೋಣಿಯಲ್ಲಿ ಹೂವು ಒಯ್ದು ಬಿಡುತ್ತಾರೆ. ಇದೇ ದೇವತೆಗೆ ಡಿಸೆಂಬರ್ 31ರ ರಾತ್ರಿ ರಿಯೊದ ಕೊಪಕಬಾನಾ ತೀರದಲ್ಲೂ ಹೂವು ಬಿಡುತ್ತಾರೆ. ಅಂದು ಎಲ್ಲರೂ ಬಿಳಿ ಬಟ್ಟೆ ಹಾಕಿ ಏಳು ಅಲೆ ಹಾರಬೇಕು.

ಬ್ರೆಜಿಲ್ ಕಚೇರಿ ಜೊತೆ ಬೆಂಗಳೂರಿಂದ ಕೆಲಸ ಮಾಡುವವರು: ರಜೆ ವಿಷಯ ನಾನು ಹೇಳುತ್ತೇನೆ. ಏಪ್ರಿಲ್ 21 ತಿರಾದೆಂತಿಸ್, 1792ರಲ್ಲಿ ಗಲ್ಲಿಗೇರಿದ ಬಂಡಾಯಗಾರ. ಸೆಪ್ಟೆಂಬರ್ 7 ಸ್ವಾತಂತ್ರ್ಯ ದಿನ, ಅಕ್ಟೋಬರ್ 12 ಅಪರೆಸಿದಾ ಮಾತೆಯ (ಅಲ್ಲಿಯವರ ಮೇರಿಯಮ್ಮ) ದಿನ, ನವೆಂಬರ್ 2 ಸತ್ತವರನ್ನು ನೆನೆಯುವ ದಿನ, 15 ಗಣರಾಜ್ಯ ದಿನ. ನವೆಂಬರ್ 20 ಕರಿಯರ ಪ್ರಜ್ಞಾ ದಿನ, 2024ರಿಂದ ದೇಶವಿಡೀ ರಜೆ. ಗುರುವಾರ ರಜೆ ಬಂದರೆ ಶುಕ್ರವಾರ ಮೀಟಿಂಗ್ ಇಡಬೇಡಿ, ಸುಮ್ನೆ ಒಬ್ಬರೇ ಕೂತಿರುತ್ತೀರಿ. ಭಾನುವಾರ ಬಂದರೆ ಆ ರಜೆ ಹೋಯ್ತು ಅಂತಲೇ.

ಮೊದಲಿನ ತಾಯಿ: ಅಕ್ಟೋಬರ್ 12 ಮಕ್ಕಳ ದಿನವೂ ಹೌದು. ಮಗಳಿಗೆ ಉಡುಗೊರೆ ಮುಂಚೆಯೇ ತಂದಿಡಿ. ಆ ದಿನಗಳಲ್ಲಿ ಅಪರೆಸಿದಾ ಊರಿನ ಬಸಿಲಿಕಾಗೆ ಜನ ಹೆದ್ದಾರಿ ಪಕ್ಕದಲ್ಲೇ ನಡೆದುಕೊಂಡು ಹೋಗುತ್ತಾರೆ. ಕಾರು ಓಡಿಸುವಾಗ ಹುಷಾರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಲಿಂಡಾ ಅಂತ ತೀರ್ಮಾನ ಮಾಡಿದೆವು. ಕಾರ್ನಿವಲ್ ತಾರೀಕು ಹೇಗೆ ಗೊತ್ತಾಗುತ್ತದೆ?

ರೆಸಿಫೆಯವರು: ಈಸ್ಟರ್‌ಗೆ 47 ದಿನ ಮುಂಚಿನ ಮಂಗಳವಾರ. 2027ರಲ್ಲಿ ಫೆಬ್ರವರಿ 9. ಹಿಂದಿನ ಶುಕ್ರವಾರವೇ ಊರು ಕೆಲಸ ಬಿಟ್ಟಿರುತ್ತದೆ, ಬ್ಯಾಂಕ್ ಬಾಗಿಲು ತೆರೆಯುವುದು ಬುಧವಾರ ಮಧ್ಯಾಹ್ನ. ಒಲಿಂಡಾದ ರೂಮು ಈಗಲೇ ಹಿಡಿಯಿರಿ. ಸಿಗದಿದ್ದರೆ ರೆಸಿಫೆಯಲ್ಲಿ ಉಳಿದು ಬೆಳಗ್ಗೆ ಬೇಗ ಹೋಗಿ ಬನ್ನಿ, ಪಕ್ಕದ ಊರೇ.