ನವರಸಪುರ ಉತ್ಸವ ಯಾವಾಗ್ರೀ?

"ಸರ್ಕಾರ ನಮ್ಮೂರಿನ ನವರಸಪುರ ಉತ್ಸವಕ್ಕ ರೊಕ್ಕ ಕೊಡಬಾರದು ಅಂತ ನಾ ಎಲ್ಲಿ ಅಂದೀನ್ರೀ? ಕೊಡ್ಲಿ. ಆದ್ರ ಮೊದಲ ತಾರೀಖು ಕೊಡ್ಲಿ, ಆಮ್ಯಾಲ ರೊಕ್ಕ ಕೊಡ್ಲಿ," ಅಂದ ರಫೀಕ.

ರಫೀಕ ಗೋಳಗುಮ್ಮಟದ ಗೈಡು. ದಿನಾ ಏಳು ಅಂತಸ್ತು ಹತ್ತಿ ಇಳಿಯುವ ಮನುಷ್ಯನಾದ್ದರಿಂದ ಮಾತಿಗೆ ದಮ್ಮು ಕಮ್ಮಿಯಾಗುವುದಿಲ್ಲ. ಎದುರಿಗೆ ರಾವಸಾಹೇಬ್ರು. ಶಿರಸ್ತೇದಾರರಾಗಿ ನಿವೃತ್ತರು, ಸರ್ಕಾರವನ್ನು ಯಾರು ಬೈದರೂ ತಮ್ಮ ಪಿಂಚಣಿಗೇ ಕೈ ಹಾಕಿದಂತೆ ಬೆಚ್ಚುತ್ತಾರೆ. ಅವರ ಪಕ್ಕ ಗೌಡ್ರು, ಆರೆಕರೆ ದ್ರಾಕ್ಷಿ ಪಡದ ಧಣಿ, ಬ್ಯಾಂಕಿನ ಸಾಲದ ಪಟ್ಟಿಯಲ್ಲೂ ಧಣಿಯೇ. ಇತಿಹಾಸದ ಮಾಸ್ತರನಾದ ನಾನು ಮೂಲೆಗೆ. ಜಾಗ ಶಾಂತಕ್ಕನ ಖಾನಾವಳಿ. ಮಧ್ಯಾಹ್ನದ ಗಿರಾಕಿಗಳು ಎದ್ದ ಮೇಲಿಂದ ಸಂಜೆ ರೊಟ್ಟಿ ಬಡಿಯುವ ಸಪ್ಪಳ ಏಳುವ ತನಕ ಒಳಗಿನ ಮೇಜು ನಮ್ಮದು.

ಯಾವುದೋ ಭಾಷಣದಲ್ಲಿ ಯಾರೋ ಅಂದಿದ್ದರಂತೆ: ಪ್ರವಾಸೋದ್ಯಮ, ಊಟ, ದ್ರಾಕ್ಷಾರಸ, ಉತ್ಸವ ಎಲ್ಲ ಕೂಡಿಸಿ ಈ ಭಾಗವನ್ನು ಬೆಳೆಸುತ್ತೇವೆ ಅಂತ. ರಾವಸಾಹೇಬ್ರು ಅದನ್ನು ಆಗಲೇ ಆದೇಶ ಹೊರಬಿದ್ದಷ್ಟು ಸಂತೋಷದಿಂದ ಹೇಳಿದ್ದರು. ರಫೀಕ ಅಲ್ಲಿಗೇ ಕಲ್ಲು ಹಾಕಿದ.

"ತಾರೀಖು ಹೆಂಗ ಕೊಡ್ತಾರೋ ಹುಚ್ಚಾ? ಮಂತ್ರಿಗಳ ಡೇಟ್ ಸಿಗಬೇಕು. ಹಾಡೋರ ಡೇಟ್ ಸಿಗಬೇಕು. ಅನುದಾನ ಬಿಡುಗಡೆ ಆಗಬೇಕು. ಚುನಾವಣಿ ನೀತಿ ಸಂಹಿತೆ ಇರಬಾರದು. ಬರ ಇರಬಾರದು."

"ಬಿಜಾಪುರದಾಗ ಬರ ಇರಬಾರದಂದ್ರ ಉತ್ಸವ ಮುಂದಿನ ಜನ್ಮಕ್ಕ ಬಿತ್ತು ಬಿಡ್ರಿ," ಅಂದ್ರು ಗೌಡ್ರು. 2014ರಲ್ಲಿ ಊರಿನ ಹೆಸರು ವಿಜಯಪುರ ಆಗಿದ್ದು ಗೌಡ್ರಿಗೆ ಗೊತ್ತಿಲ್ಲವೆಂದಲ್ಲ. ಅವರ ನಾಲಿಗೆಗೆ ಇನ್ನೂ ಗೆಜೆಟ್ ತಲುಪಿಲ್ಲ.

ರಫೀಕ ಬಿಡಲಿಲ್ಲ. "ಪುಣೆದಿಂದ ಒಬ್ಬಾಕಿ ಫೋನ್ ಮಾಡಿದ್ಲು. ನವರಸಪುರ ಉತ್ಸವ ಯಾವಾಗ ಭಾಯ್, ನಾವು ಹತ್ತ ಮಂದಿ ಬರ್ತೀವಿ ಅಂದ್ಲು. ನಾ ಏನ್ ಹೇಳ್ಲಿ? ಆಗೋ ಹಿಂದಿನ ವಾರ ಹೇಳ್ತೀನ್ರೀ ಅಂದೆ. ಆಕಿ ನಕ್ಕಳು. ಹತ್ತೂ ಮಂದಿ ನಾಶಿಕಕ್ಕ ಹೋದ್ರು."

"ನಾಶಿಕಕ್ಕ ಯಾಕ?"

"ದ್ರಾಕ್ಷಿ ತುಳಿಯಾಕ."

ಈ ಮಾತು ಗೌಡ್ರಿಗೆ ನಾಟಿತು. ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು. "ಅದನ್ನ ನಾ ಕಣ್ಣಾರೆ ನೋಡಿ ಬಂದೀನಿ. ದೊಡ್ಡ ಕಟ್ಟಿಗಿ ತೊಟ್ಟಿ. ಅದರಾಗ ದ್ರಾಕ್ಷಿ ಸುರೀತಾರ. ಮುಂಬೈ ಮಂದಿ ಬರಿಗಾಲಾಗ ಇಳದು ಕುಣೀತಾರ, ಅದಕ್ಕ ರೊಕ್ಕಾನೂ ಕೊಡ್ತಾರ. ನಮ್ಮ ಪಡದಾಗ ಯಾರರ ದ್ರಾಕ್ಷಿ ತುಳದ್ರ ನಾ ಬಡಿಗಿ ತಗೋತೀನಿ. ನಾಶಿಕದಾಂವ ಬಿಲ್ ಬುಕ್ ತಗದ. ವ್ಯತ್ಯಾಸ ಇಷ್ಟ ನೋಡ್ರಿ."

ಗೌಡ್ರು ನಕ್ಕು ಹೇಳಿದರೂ ಲೆಕ್ಕ ಸರಿಯಾಗಿಯೇ ಇತ್ತು. ದ್ರಾಕ್ಷಾರಸದ ಸುಲಾ ಕಂಪನಿ ನಾಶಿಕದಲ್ಲಿ ಶುರುವಾಗಿದ್ದು 1999ರಲ್ಲಿ. ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಿದ್ದು 2001ರಲ್ಲಿ. ಸುಲಾದವರು ಅಲ್ಲಿ ತಮ್ಮದೇ ಹಾಡು ಕುಣಿತದ ಹಬ್ಬ ಶುರು ಮಾಡಿದ್ದು 2008ರಲ್ಲಿ. ನಮ್ಮಲ್ಲಿ ದ್ರಾಕ್ಷಾರಸ ನೀತಿ, ಅದರ ಬೆನ್ನಿಗೆ ದ್ರಾಕ್ಷಾರಸ ಮಂಡಳಿ ಬಂದಿದ್ದು 2007ರಲ್ಲಿ. ಭಾಳ ತಡವೇನಲ್ಲ. ದೊಡ್ಡಬಳ್ಳಾಪುರದ ಕಡೆ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ದ್ರಾಕ್ಷಾರಸ ಕಂಪನಿಯವರು ಅದಕ್ಕೂ ಮೊದಲೇ ಬೇರು ಬಿಟ್ಟಿದ್ದರು. ಚನ್ನಪಟ್ಟಣದ ಹೆದ್ದಾರಿ ಪಕ್ಕ ಈಗ ಸುಲಾದವರದೇ ಒಂದು ಘಟಕ ಇದೆ. ಬೆಂಗಳೂರಿನವರು ಶನಿವಾರ ಕಾರು ಹತ್ತಿ, ಗುಟುಕು ಕುಡಿದು, ಫೋಟೊ ತೆಗೆದುಕೊಂಡು, ಭಾನುವಾರ ಮನೆಯಲ್ಲಿರುತ್ತಾರೆ. ರಾಜ್ಯದ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಬೆಳೆಯುವ ನಮ್ಮ ಜಿಲ್ಲೆಗೆ ಮಾತ್ರ ಶನಿವಾರ ಬರುವುದಿಲ್ಲ.

"ತೊರವಿ ಕಡೆ ವೈನ್ ಪಾರ್ಕ್ ಆಗ್ತದ ಅಂತ ಆಗಿಂದ ಹೇಳಾಕತ್ತಾರಲ್ಲ," ಅಂದೆ ನಾನು.

ರಫೀಕನಿಗೆ ಅಷ್ಟೇ ಸಾಕಾಗಿತ್ತು. "ಮಾಸ್ತರ, ಗುಮ್ಮಟದಾಗ ನೀವು ಒಮ್ಮೆ ಕೂಗಿದ್ರ ಏಳು ಸಲ ಕೇಳಸ್ತೈತಿ. ಇಲ್ಲಿ ಒಂದು ಬಜೆಟ್ಟಿನಾಗ ಅಂದದ್ದು ಏಳು ಬಜೆಟ್ಟಿನಾಗ ಕೇಳಸ್ತೈತಿ. ಕೂಗಿದಾಂವ ಅಷ್ಟೊತ್ತಿಗೆ ಕೆಳಗಿಳದು ಮನೀಗೆ ಹೋಗಿರ್ತಾನ."

ರಾವಸಾಹೇಬ್ರು ಕನ್ನಡಕ ತೆಗೆದು ಒರೆಸಿದರು. ಇದು ಅವರು ದೀರ್ಘ ಉತ್ತರ ಕೊಡುವ ಮುನ್ಸೂಚನೆ. "ನಿಮಗ ಆಡಳಿತ ತಿಳಿಯೂದಿಲ್ಲ. ದ್ರಾಕ್ಷಿ ತೋಟಗಾರಿಕೆ ಇಲಾಖೆದು. ಮಂಡಳಿನೂ ಅವರ ಕೆಳಗ. ಅದನ್ನ ಹಿಂಡಿ ಬಾಟ್ಲಿಗೆ ಹಾಕಿದ ಕೂಡ್ಲೆ ಅಬಕಾರಿದು. ಆ ಬಾಟ್ಲಿ ನೋಡ್ಲಿಕ್ಕೆ ಮಂದಿ ಬಂದ್ರ ಪ್ರವಾಸೋದ್ಯಮದ್ದು. ಬಂದ ಮಂದಿ ಮುಂದ ಯಾರರ ಹಾಡಿದ್ರ ಕನ್ನಡ ಸಂಸ್ಕೃತಿ ಇಲಾಖೆದು. ಹಾಡೋರ ಹಿಂದ ಗುಮ್ಮಟ ಕಾಣಿಸಿದ್ರ ದಿಲ್ಲಿದು, ಪುರಾತತ್ವದವರು. ಇಷ್ಟು ಮಂದಿ ಒಂದ ಕಡತದಾಗ ಸಹಿ ಹಾಕಬೇಕಂದ್ರ ಟೈಮ್ ಹಿಡೀತದ."

"ಊಟ ಯಾರ್ದು?" ಒಳಗಿಂದ ಶಾಂತಕ್ಕ ಕೇಳಿದಳು.

"ಅದು ಯಾರ್ದೂ ಅಲ್ಲವಾ. ಅದು ನಿಂದು."

ಶಾಂತಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಅವಳಿಗೆ ಆಹಾರ ಮೇಳದ ಅನುಭವವಿದೆ. ಯಾವುದೋ ಉತ್ಸವಕ್ಕೆ ಮಳಿಗೆ ಹಾಕಿದ್ದಳು. ಬಾಡಿಗೆ ಕಟ್ಟಿ, ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಮಡಿಕಿಕಾಳ ಪಲ್ಯ, ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ, ಮೊಸರು ಎಲ್ಲ ಸಜ್ಜು ಮಾಡಿಕೊಂಡು ಕೂತಿದ್ದಳು. "ಎಡಕ್ಕ ಗೋಬಿ ಮಂಚೂರಿ, ಬಲಕ್ಕ ಗೋಬಿ ಮಂಚೂರಿ. ಬಾಗಿಲಾಗ ಮಾತ್ರ ನಮ್ಮ ದೇಸಿ ಊಟ ಅಂತ ದೊಡ್ಡ ಬೋರ್ಡ. ಸ್ಟೇಜಿನ ಮ್ಯಾಲ ಸಾಹೇಬ್ರು ರೊಟ್ಟಿ ಬಗ್ಗೆ ಅರ್ಧಾ ತಾಸು ಮಾತಾಡಿದ್ರು. ಕೆಳಗಿಳದು ಬಂದು ಮಂಚೂರಿ ತಿಂದ್ರು."

"ಲೋಕಲ್ ಫುಡ್‌ಗೆ ಈಗ ನೀತಿಯೊಳಗ ಪ್ರೋತ್ಸಾಹ ಅದ," ಅಂದರು ರಾವಸಾಹೇಬ್ರು. "2020ರ ಪ್ರವಾಸೋದ್ಯಮ ನೀತಿ ಆತು, ಈಗ 2024ರದು ಬಂತು. ಹೊಟೇಲು, ರೆಸಾರ್ಟು, ಕ್ಯಾರವಾನ್, ಎಲ್ಲಾಕ್ಕೂ ಸಹಾಯಧನ."

"ಕ್ಯಾರವಾನ್ ಅಂದ್ರ?"

"ಗಾಡಿಯೊಳಗ ಮನಿ. ಅಡಿಗಿ ಮನಿ, ಹಾಸಗಿ ಎಲ್ಲಾ ಇರ್ತದ."

"ಅದರಾಗ ಬಂದಾಂವ ನನ್ನ ಖಾನಾವಳಿಗೆ ಯಾಕ ಬರ್ತಾನ?" ಅಂದಳು ಶಾಂತಕ್ಕ. "ನಾಲ್ಕು ಮೇಜಿನ ಖಾನಾವಳಿಗೆ ಏನರ ಐತೇನು ಹೇಳ್ರಿ."

"ಒಂದು ಯೋಜನಾ ವರದಿ ಮಾಡಿಸವಾ. ಬಂಡವಾಳ ಎಷ್ಟು, ಮುಂದಿನ ಐದು ವರ್ಷದ ಲಾಭ ಎಷ್ಟು..."

"ನಾಳೆ ಮೆಂತ್ಯೆ ಸೊಪ್ಪಿನ ರೇಟ್ ಎಷ್ಟಂತ ಹೇಳ್ರಿ, ಐದು ವರ್ಷದ್ದು ನಾ ಹೇಳ್ತೀನಿ."

ನನ್ನ ಅಭಿಪ್ರಾಯ ಕೇಳಿದರೆ (ಯಾರೂ ಕೇಳಲಿಲ್ಲ) ನೀತಿಗಳು ಕಟ್ಟಡಕ್ಕೆ ಒಲಿಯುತ್ತವೆ. ಕಟ್ಟಡವಾದರೆ ಅಳೆಯಬಹುದು, ಅಡಿಗಲ್ಲು ಹಾಕಬಹುದು, ಹೆಸರು ಕೆತ್ತಬಹುದು. ಎಣ್ಣಿಗಾಯಿಯ ಮೇಲೆ ಯಾರ ಹೆಸರು ಕೆತ್ತುವುದು?

ಮಾತು ಮತ್ತೆ ತಾರೀಖಿಗೆ ಬಂತು, ಈ ಸಲ ಗೌಡ್ರ ಪಡದ ಹಾದಿಯಿಂದ. "ದ್ರಾಕ್ಷಿಗೆ ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಒಂದು. ಅಕ್ಟೋಬರದಾಗ ಕತ್ತರಿ ಹಾಕಿದ್ರ ಫೆಬ್ರವರಿ, ಮಾರ್ಚ್‌ಗೆ ಹಣ್ಣು. ಆಗ ಬಂದ್ರ ಗೊನಿ ತೋರಸ್ತೀನಿ. ಒಣದ್ರಾಕ್ಷಿ ಶೆಡ್ ತೋರಸ್ತೀನಿ. ನಾಲ್ಕು ಕಿಲೋ ಹಸೀದು ಒಣಗಿದ್ರ ಒಂದು ಕಿಲೋ ಮಣೂಕ. ಅದನ್ನ ನೋಡಾಕ ಮಂದಿ ಬರ್ತಾರ, ಖರೇ. ನೀವು ಉತ್ಸವ ಮಾಡೂದು ಯಾವಾಗ? ಜೂನ್‌ದಾಗ ಮಾಡಿದ್ರ ನಾ ಬರೇ ಬಳ್ಳಿ, ತಂತಿ ತೋರಸಬೇಕು. ನವೆಂಬರದಾಗ ಮಾಡಿದ್ರ ಡೌನಿ ರೋಗಕ್ಕ ಔಷಧಿ ಹೊಡಿಯಾಕತ್ತಿರ್ತೀನಿ. ಪ್ರವಾಸಿಗೂ ಒಂದು ಮಾಸ್ಕ್ ಕೊಡಬೇಕಾಗ್ತೈತಿ."

"ಮತ್ತ ವೈನ್‌ಗೆ ಹಾಕೂದಿಲ್ಲೇನು ನೀವು?" ರಫೀಕ ಕೆಣಕಿದ.

"ನಮ್ದು ಥಾಮ್ಸನ್, ತಿನ್ನೋ ಹಣ್ಣು, ಬೀಜ ಇಲ್ಲ. ವೈನಿನ ತಳೀನ ಬ್ಯಾರೆ. ಸಣ್ಣ ಕಾಳು, ದಪ್ಪ ಸಿಪ್ಪಿ, ಒಳಗ ಬೀಜ. ಬಾಯಾಗ ಹಾಕ್ಕೊಂಡ್ರ ಉಗಳಬೇಕು. ನಮ್ಮ ಬೀಗರು ಒಂದು ಎರಡೆಕರೆ ಹಚ್ಚಿದ್ರು. ಕಂಪನಿ ಬಂದು ಒಯ್ತು, ಮುಂದ ಬರಲಿಲ್ಲ. ಆ ಹಣ್ಣು ಸಂತ್ಯಾಗ ಯಾರು ತಗೋತಾರ? ಕುರಿ ಸುದ್ದಾ ಯೋಚನೆ ಮಾಡಿ ತಿಂದವು. ಥಾಮ್ಸನ್ ಹಂಗಲ್ಲ. ಹಸೀದಕ್ಕ ರೇಟ್ ಬಿದ್ರ ಒಣಗಸ್ತೀನಿ. ಒಣಗಿಸಿದ್ದಕ್ಕ ಇಲ್ಲಿ ರೇಟ್ ಬಿದ್ರ ಮಹಾರಾಷ್ಟ್ರದ ತಾಸಗಾವಿಗೆ ಒಯ್ತೀನಿ. ಅಲ್ಲೂ ಬಿದ್ರ ಮನ್ಯಾಗ ಪಾಯಸ."

ರಾವಸಾಹೇಬ್ರು ದನಿ ತಗ್ಗಿಸಿ ಒಂದು ಸಂಕಟ ತೋಡಿಕೊಂಡರು. ನಿವೃತ್ತರಾದ ಮೇಲೆ ಡಾಕ್ಟರು ಯಾರೋ ತುಸು ವೈನ್ ಹೃದಯಕ್ಕೆ ಒಳ್ಳೆಯದೆಂದು ಹೇಳಿದ್ದನ್ನು ಟಿವಿಯಲ್ಲಿ ಕೇಳಿ, 'ವೈನ್ಸ್' ಅಂತ ಬೋರ್ಡು ಇದ್ದ ಅಂಗಡಿಗೆ ಹೋಗಿದ್ದರಂತೆ. "ವೈನ್ ಕೊಡಪಾ ಅಂದೆ. ಅಂವ ನನ್ನ ಮುಖ ನೋಡಿದ. ಅಲ್ಲಿದ್ದ ಎಲ್ಲಾರೂ ನನ್ನ ಮುಖ ನೋಡಿದ್ರು. ಅದು ಬಿಟ್ಟು ಏನ್ ಬೇಕಾದ್ರೂ ಅದ ಸಾಹೇಬ್ರ ಅಂದ. ನಮ್ಮ ಆಫೀಸಿನ ಜವಾನ ಬ್ಯಾರೆ ಅಲ್ಲೇ ನಿಂತಿದ್ದ."

"ಅದಕ್ಕ ದ್ರಾಕ್ಷಾರಸ ಉತ್ಸವ ಮಾಡೂದು," ಅಂದೆ. "ಬೆಂಗಳೂರು, ಮೈಸೂರು, ಬೆಳಗಾವಿ ಎಲ್ಲಾ ಕಡೆ ಆಗ್ಯಾವು. ರುಚಿ ನೋಡಬಹುದು, ಮರ್ಯಾದಿಲೆ ಕೊಂಡು ಬರಬಹುದು."

"ಇಲ್ಲಿ ಮಾಡಿದ್ರ ಅವತ್ತ ಬಂದೋಬಸ್ತಿಗಂತ ಮದ್ಯ ಮಾರಾಟ ಬಂದ್ ಅಂತ ಆದೇಶ ಬರ್ತೈತಿ," ಅಂದ ರಫೀಕ. ರಾವಸಾಹೇಬ್ರು ನಗಲಿಲ್ಲ. ಅಂಥ ಆದೇಶಗಳ ಕರಡು ಬರೆದೇ ಅವರ ಕೈ ಸವೆದಿತ್ತು.

ಶಾಂತಕ್ಕ ತನ್ನ ನಿಲುವು ಸ್ಪಷ್ಟ ಮಾಡಿದಳು. ಪಡದಲ್ಲಿ ಏನು ಬೇಕಾದರೂ ಕುಡಿಯಲಿ, ಅವಳ ಖಾನಾವಳಿಗೆ ಬಾಟ್ಲಿ ಬರಕೂಡದು. "ಇದು ದಿನಾ ಇನ್ನೂರು ರೊಟ್ಟಿ ಬಡಿಯೋ ಕೈ," ಅಂದಳು. ಎದುರು ಮಾತಾಡಲು ನಾಲ್ವರಲ್ಲಿ ಯಾರೂ ಮುಂದೆ ಬರಲಿಲ್ಲ.

ಆಗ ನಾನು ಪಾಠ ಶುರು ಮಾಡಿದೆ. ಮಾಸ್ತರನಿಗೆ ಖಾಲಿ ಗಳಿಗೆ ಸಿಗಬಾರದು. ಎರಡನೇ ಇಬ್ರಾಹಿಂ ಆದಿಲ್‌ಶಾಹ, 1580ರಿಂದ 1627ರ ತನಕ ಬಿಜಾಪುರ ಆಳಿದವನು. ಸರಸ್ವತಿಯನ್ನು ನೆನೆದು ಹಾಡು ಬರೆದ ಸುಲ್ತಾನ. ಜಗದ್ಗುರು ಅಂತ ಕರೆಸಿಕೊಂಡವನು. ಸಂಗೀತದ ಹುಚ್ಚಿಗೆ ತೊರವಿಯ ಹತ್ತಿರ ನವರಸಪುರ ಅಂತ ಹೊಸ ಊರನ್ನೇ ಕಟ್ಟಿಸತೊಡಗಿದ. ನಾಣ್ಯಕ್ಕೂ ನವರಸ, ಅರಮನೆಗೂ ನವರಸ, ಹಬ್ಬಕ್ಕೂ ನವರಸ. 1624ರಲ್ಲಿ ಅಹ್ಮದನಗರದ ಸೇನಾನಿ ಮಲಿಕ್ ಅಂಬರ್ ಬಂದು ಆ ಊರನ್ನು ಹಾಳುಗೆಡವಿದ. ಈಗ ಮುಖ್ಯವಾಗಿ ಉಳಿದದ್ದು ಸಂಗೀತ ಮಹಲಿನ ಕಮಾನು.

"ಅಂದ್ರ ಉತ್ಸವಕ್ಕಂತ ಒಂದು ಊರ ಕಟ್ಟಿದ," ಗೌಡ್ರು ಬೆರಗಾದರು. "ಬಿಲ್ ಯಾರು ಪಾಸ್ ಮಾಡಿದ್ರು?"

"ಅಂವಂದ ಸಹಿ, ಅಂವಂದ ಖಜಾನಿ."

"ಹಂಗಾರ ಅಂವಗ ಮಂತ್ರಿ ಡೇಟ್ ಬೇಕಾಗಿರಲಿಲ್ಲ," ಅಂದ ರಫೀಕ.

"ಡೇಟ್ ನಮ್ಮೂರ ದೇವ್ರು ಸಿದ್ಧರಾಮಪ್ಪಗೂ ಬೇಕಾಗಿಲ್ಲ," ಅಂದಳು ಶಾಂತಕ್ಕ. "ಸಂಕ್ರಮಣಕ್ಕ ಜಾತ್ರಿ ಅಂದ್ರ ಜಾತ್ರಿ. ನಂದಿಕೋಲು ಹೊಂಡ್ತಾವು, ದನದ ಸಂತಿ ಕೂಡ್ತೈತಿ, ಮದ್ದು ಸುಡ್ತಾರ. ನನ್ನ ತವರುಮನಿಯವ್ರು ದೀಪಾವಳಿಗೇ ಹೇಳಿಟ್ಟಿರ್ತಾರ, ಬರ್ತೀವಿ, ಹಾಸಗಿ ಒಗದಿಡು ಅಂತ."

ಇದೇ ಅಲ್ಲವೇ ವಿಷಯ? ಮೈಸೂರಿನ ದಸರಾ ನವರಾತ್ರಿಗೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕಡೇ ಸೋಮವಾರಕ್ಕೆ. ಪಂಚಾಂಗ ಇದ್ದವನು ಯಾವನಾದರೂ ಹೇಳಿಯಾನು. ಸರ್ಕಾರ ಅಲ್ಲಿ ದೀಪ ಹಾಕಿದರೆ ಚೆಂದ, ಹಾಕದಿದ್ದರೂ ಜನ ಬರುತ್ತಾರೆ. ನಮ್ಮ ನವರಸಪುರ ಉತ್ಸವಕ್ಕೆ ಹೆಸರು ಸುಲ್ತಾನನದ್ದು, ತಿಥಿ ಮಾತ್ರ ಕಡತದ್ದು. ಒಂದು ವರ್ಷ ನಡೆದರೆ ಮುಂದೆ ವರ್ಷಗಟ್ಟಲೆ ಸುದ್ದಿಯಿಲ್ಲ. ನಡೆದಾಗಲೂ ಹೊರಗಿನವನಿಗೆ ಗೊತ್ತಾಗುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿರುತ್ತಾರೆ. ರಾತ್ರಿ ಹಾಡು ಕೇಳುವವರು ನಾವೇ, ಪಕ್ಕದ ಓಣಿಯವರು. ಹಾಡು ಮುಗಿದರೆ ನಡೆದು ಮನೆಗೆ ಹೋಗುವವರಿಂದ ಲಾಡ್ಜಿಗೇನು ಲಾಭ, ಟಾಂಗಾದವನಿಗೇನು ಲಾಭ?

"ನನ್ನ ಗಿರಾಕಿದೂ ಅದ ಕತಿ," ಅಂದ ರಫೀಕ. "ಮುಂಜಾನೆ ಬಸ್ ಇಳೀತಾರ. ಗುಮ್ಮಟದಾಗ ಕೂಗ್ತಾರ, ಇಬ್ರಾಹಿಂ ರೋಜಾ ನೋಡ್ತಾರ, ಮಲಿಕ್-ಎ-ಮೈದಾನ ತೋಪಿನ ಮುಂದ ಫೋಟೊ, ಬಾದಾಮಿಗೆ ಹೊಂಟ್ರು. ರಾತ್ರಿ ಒಬ್ಬನೂ ಉಳಿಯೂದಿಲ್ಲ. ಯಾಕ ಉಳೀಬೇಕು ಅಂತ ಕೇಳಿದ್ರ ನನ್ನ ಕಡೆ ಉತ್ತರ ಇಲ್ಲ. ಗೌಡ್ರ ಪಡದಾಗ ಸಂಜೀಕ ಒಂದು ಸುತ್ತು, ಅಕ್ಕನ ಕೈಯಾಗಿನ ಊಟ, ಬೆಳಗಾಗೆದ್ದು ಶೆಡ್ಡಿನಾಗ ಮಣೂಕ. ಇಷ್ಟು ಮಾಡಿದ್ರ ಒಂದು ರಾತ್ರಿ ನಿಂದರ್ತಾರ. ಅದಕ್ಕ ಕೋಟಿ ಬೇಕೇನು? ಪಡಕ್ಕ ಹೋಗೋ ರಸ್ತೆಕ್ಕ ಒಂದು ಬೋರ್ಡ್ ಹಾಕ್ರಿ."

"ಮೊದಲ ಸಂಡಾಸ ಕಟ್ಟಿಸ್ರಿ," ಅಂದಳು ಶಾಂತಕ್ಕ. "ಊಟಕ್ಕ ಬಂದ ಹೆಣ್ಮಕ್ಕಳು ಎಲ್ಲಾರೂ ಮೊದಲು ಅದನ್ನ ಕೇಳ್ತಾರ. ಪಲ್ಯೆ ಯಾವುದು ಅಂತ ಆಮ್ಯಾಲ."

ಅರ್ಜಿ ಬರೆಯುವುದೆಂದು ತೀರ್ಮಾನವಾಯಿತು. ರಾವಸಾಹೇಬ್ರ ಕಣ್ಣಲ್ಲಿ ಸೇವಾವಧಿಯ ಹೊಳಪು ಬಂತು. ಜೇಬಿನಿಂದ ಪೆನ್ನು ತೆಗೆದು, ಮಡಚಿಟ್ಟ ಕಾಗದ ಬಿಡಿಸಿ, 'ಮಾನ್ಯರೇ' ಎಂದು ಬರೆದು ಕೆಳಗೆ ಗೆರೆ ಎಳೆದರು. ಫೆಬ್ರವರಿ ಕಡೇ ಶನಿವಾರ, ಪ್ರತಿ ವರ್ಷ, ಯಾರು ಬರಲಿ ಬಿಡಲಿ, ನವರಸಪುರ ಉತ್ಸವ. ರೈತರ ಪಡಗಳಿಗೆ ಹಾದಿ ತೋರಿಸುವ ಫಲಕ. ಶೌಚಾಲಯ. ಮಳಿಗೆಗಳಲ್ಲಿ ಈ ಜಿಲ್ಲೆಯ ಊಟಕ್ಕೆ ಬಾಡಿಗೆ ಮಾಫಿ. ಗೋಬಿ ಮಂಚೂರಿ ನಿಷೇಧವನ್ನೂ ಸೇರಿಸಬೇಕೆಂದು ಶಾಂತಕ್ಕ ಹಟ ಹಿಡಿದಳು. ಮೊಮ್ಮಕ್ಕಳು ಬೈಯುತ್ತಾರೆಂದು ರಾವಸಾಹೇಬ್ರು ಅದೊಂದನ್ನು ಹೊಡೆದು ಹಾಕಿದರು.

"ಇದನ್ನ ಯಾರಿಗೆ ಕೊಡೂದು?" ಗೌಡ್ರು ಕೇಳಿದರು.

"ಪ್ರವಾಸೋದ್ಯಮ, ತೋಟಗಾರಿಕೆ, ಅಬಕಾರಿ, ಕನ್ನಡ ಸಂಸ್ಕೃತಿ, ಪುರಾತತ್ವ. ಒಂದು ಜಿಲ್ಲಾಧಿಕಾರಿಗಳಿಗೆ. ಒಂದು ನಮ್ಮ ಕಡೆ ಸ್ವೀಕೃತಿಗೆ. ಏಳು ಪ್ರತಿ."

"ಏಳ ಸಲ ಕೇಳಸ್ತೈತಿ ಅಂದಿದ್ದಿಲ್ಲೇನು ನಾ?" ಅಂದ ರಫೀಕ.

"ಝೆರಾಕ್ಸಿಗೆ ರೊಕ್ಕ ಯಾರು ಹಾಕ್ತೀರಿ?"

ರಫೀಕ ಛಾವಣಿ ನೋಡಿದ. ನಾನು ತಿಂಗಳ ಕೊನೆ ಅಂದೆ. ಎಲ್ಲರೂ ಗೌಡ್ರ ಕಡೆ ತಿರುಗಿದರು.

"ಹಾಕೂಣು," ಅಂದರು ಗೌಡ್ರು. "ಹೋದ ವರ್ಷದ ಮಣೂಕದ ರೊಕ್ಕ ದಲಾಲಿ ಇನ್ನೂ ಕೊಟ್ಟಿಲ್ಲ. ಅಂವ ಕೊಟ್ಟ ದಿನ ಹಾಕೂಣು."

"ಅದು ಯಾವತ್ತು?"

"ಅಂವಾ ತಾರೀಖು ಹೇಳಿಲ್ಲ."